ಬಣ್ಣಕ್ಕಿಂತ ಮೊದಲು ಸ್ವಭಾವ: ಸಾಕು ಟರಾಂಟುಲಾವನ್ನು ಆರಿಸುವುದು ಹೇಗೆ?

ಮೈತುಂಬ ರೋಮವಿರುವ ದೊಡ್ಡ ಜೇಡವಾದ ಟರಾಂಟುಲಾವನ್ನು ಸಾಕಬೇಕೆಂದು ಹೊರಟವರು ಸಾಮಾನ್ಯವಾಗಿ ಮೊಬೈಲಿನಲ್ಲಿ ಕಂಡ ಬಣ್ಣಕ್ಕೆ ಮನಸೋತು ಜಾತಿಯನ್ನು ನಿಶ್ಚಯಿಸಿಬಿಡುತ್ತಾರೆ. ಮೆಕ್ಸಿಕೊದ ಕೆಂಪು ಮಂಡಿಯ ಹೆಣ್ಣು ಜೇಡ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಅಷ್ಟು ಕಾಲ ನಾವು ಏಗಬೇಕಾದದ್ದು ಅದರ ಸ್ವಭಾವದೊಡನೆ. ದಾವಣಗೆರೆ, ಚಿತ್ರದುರ್ಗದ ಒಣ ಹವೆಗೂ ಹೊಸಬರ ಕೈಗೂ ಒಗ್ಗುವ ಜಾತಿಯನ್ನು ಗುರುತಿಸಲು ಈ ಕ್ರಮವನ್ನು ಅನುಸರಿಸಬಹುದು.

ಮೊದಲು ಕಾಗದಪತ್ರ

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿರುವ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಕೆಂಪು ಮಂಡಿಯ ಜೇಡ ಸೇರುವ ಬ್ರಾಕಿಪೆಲ್ಮಾ ಕುಲವಿಡೀ ಸೈಟಿಸ್ ಪಟ್ಟಿಯಲ್ಲಿದೆ. ಮಾರುವವರು ಮೂಲ ದಾಖಲೆಯನ್ನೂ ವೈಜ್ಞಾನಿಕ ಹೆಸರನ್ನೂ ಲಿಖಿತವಾಗಿ ಕೊಡದಿದ್ದರೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಜೋಗಿಮಟ್ಟಿ ಕಾಡಿನಲ್ಲೋ ಚನ್ನಗಿರಿಯ ತೋಟದಲ್ಲೋ ದೊಡ್ಡ ಜೇಡ ಕಂಡರೆ ಅದನ್ನು ಹಿಡಿದು ತರುವ ಯೋಚನೆಯೇ ಬೇಡ.

ಯಾವ ಖಂಡದ್ದು ಎಂದು ಕೇಳಿ

ಸ್ವಭಾವದ ಅರ್ಧ ಸುಳಿವು ತವರಿನಲ್ಲೇ ಸಿಗುತ್ತದೆ. ಅಮೆರಿಕ ಖಂಡಗಳ ಬಹುಪಾಲು ಜಾತಿಗಳು ಅಪಾಯ ಕಂಡಾಗ ಕಚ್ಚುವ ಮೊದಲು ಹಿಂಗಾಲಿನಿಂದ ಹೊಟ್ಟೆಯ ಮೇಲಿನ ತುರಿಕೆ ರೋಮಗಳನ್ನು ಕೆರೆದು ಗಾಳಿಗೆ ತೂರುತ್ತವೆ. ಹೊಟ್ಟೆಯ ಮೇಲೆ ಬೋಳು ಮಚ್ಚೆಯಿದ್ದರೆ ಅದು ಪದೇಪದೇ ಹೆದರಿದೆ ಎಂದು ತಿಳಿಯಬಹುದು. ಈ ರೋಮ ಚರ್ಮಕ್ಕೆ ತುರಿಕೆ ತರುತ್ತದೆ, ಕಣ್ಣಿಗೆ ಬಿದ್ದರೆ ಗಂಭೀರ ತೊಂದರೆ ಕೊಡುತ್ತದೆ. ಏಷ್ಯಾ ಮತ್ತು ಆಫ್ರಿಕಾದ ಜಾತಿಗಳಿಗೆ ಈ ರೋಮಗಳಿಲ್ಲ. ಅವು ಮಿಂಚಿನಂತೆ ಓಡುತ್ತವೆ, ಮುಂಗಾಲೆತ್ತಿ ಹಲ್ಲು ತೋರುತ್ತವೆ, ಅವುಗಳ ವಿಷವೂ ಹೆಚ್ಚು ಪ್ರಬಲ. ಮೊದಲ ಬಾರಿ ಸಾಕುವವರಿಗೆ ಅಮೆರಿಕದ ಜಾತಿಗಳೇ ಸರಿ.

ಮೂರು ನೀಲಿಗಳು, ಮೂರು ಸ್ವಭಾವಗಳು

ಬಣ್ಣವನ್ನಷ್ಟೇ ನಂಬಿದರೆ ಎಡವುವುದು ಇಲ್ಲಿ. ‘ನೀಲಿ ಟರಾಂಟುಲಾ’ ಎಂದು ಕೇಳಿದವರಿಗೆ ಮೂರು ಬೇರೆಬೇರೆ ಪ್ರಾಣಿಗಳು ಸಿಗಬಹುದು.

ಮೊದಲನೆಯದು ಪೀಸಿಲೊಥೀರಿಯಾ ಮೆಟಾಲಿಕಾ, ನಮ್ಮ ನೆರೆಯದ್ದೇ. ಬಳ್ಳಾರಿ, ಗುಂತಕಲ್ಲು ದಾಟಿದರೆ ಸಿಗುವ ಗುತ್ತಿಯ ರೈಲ್ವೆ ಮರದ ಅಂಗಳದಲ್ಲಿ ದೊರೆತ ಮಾದರಿಯನ್ನು ಆಧರಿಸಿ 1899ರಲ್ಲಿ ಇದನ್ನು ವರ್ಣಿಸಲಾಯಿತು. ನಿಜವಾದ ನೆಲೆ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡು. ಮೈತುಂಬ ಲೋಹದ ನೀಲಿ, ಬೆನ್ನ ಮೇಲೆ ಬಿಳಿಯ ಸಂಕೀರ್ಣ ಚಿತ್ತಾರ. ಇದು ಮರದ ಪೊಟರೆಯಲ್ಲಿ ವಾಸಿಸುವ, ಅತಿ ವೇಗದ ಜೇಡ; ಈ ಕುಲದ ಕಡಿತದಿಂದ ಸ್ನಾಯುಗಳು ದಿನಗಟ್ಟಲೆ ಹಿಡಿದುಕೊಳ್ಳುವುದುಂಟು. ತೀವ್ರ ಅಪಾಯದ ಅಂಚಿನಲ್ಲಿರುವ ಈ ಜಾತಿ ಸೇರಿದಂತೆ ಇಡೀ ಕುಲವನ್ನು 2019ರಲ್ಲಿ ಸೈಟಿಸ್ ಪಟ್ಟಿಗೆ ಸೇರಿಸಲಾಗಿದೆ. ಇದನ್ನು ಬಿಟ್ಟುಬಿಡಿ.

ಎರಡನೆಯದು ಮ್ಯಾನ್ಮಾರ್, ಥಾಯ್ಲೆಂಡಿನ ಕೋಬಾಲ್ಟ್ ಬ್ಲೂ. ಕಡುನೀಲಿ ಕಾಲಿನ ಈ ಜೇಡ ಆಳದ ಬಿಲದಲ್ಲೇ ದಿನ ಕಳೆಯುತ್ತದೆ, ಕೆಣಕಿದರೆ ಏರಿ ಬರುತ್ತದೆ. ಬಣ್ಣಕ್ಕೆ ಹಣ ಕೊಟ್ಟವರಿಗೆ ಕಾಣುವುದು ಹೆಚ್ಚಾಗಿ ಬರಿಯ ಮಣ್ಣು.

ಮೂರನೆಯದು ವೆನೆಜುವೆಲಾದ ಪರಾಗ್ವಾನಾ ಪರ್ಯಾಯದ್ವೀಪದ ಗ್ರೀನ್‌ಬಾಟಲ್ ಬ್ಲೂ. ನೀಲಿ ಕಾಲು, ಹಸಿರುಮಿಶ್ರಿತ ನೀಲಿ ಬೆನ್ನ ಚಿಪ್ಪು, ಕಿತ್ತಳೆ ಹೊಟ್ಟೆ, ಈ ಮೂರೂ ಒಟ್ಟಿಗಿದ್ದರೆ ಗುರುತಿನಲ್ಲಿ ಅನುಮಾನ ಕಡಿಮೆ. ಬೆದರುವ ಸ್ವಭಾವದ್ದಾದರೂ ಕಚ್ಚುವುದಕ್ಕಿಂತ ಬಲೆಯೊಳಗೆ ಓಡಿ ಅವಿತುಕೊಳ್ಳುತ್ತದೆ. ಒಣ ಕುರುಚಲು ಪ್ರದೇಶದ್ದಾದ್ದರಿಂದ ಚಳ್ಳಕೆರೆ, ಹಿರಿಯೂರಿನಂಥ ಊರುಗಳ ಹವೆಗೂ ಹೊಂದಿಕೊಳ್ಳಬಲ್ಲದು. ಮೂರರಲ್ಲಿ ನನ್ನ ಮತ ಇದಕ್ಕೇ.

ನೀಲಿಯ ಬಗ್ಗೆ ಇನ್ನೊಂದು ಮಾತು: ಅದು ಹುಟ್ಟುವುದು ರೋಮಗಳ ಸೂಕ್ಷ್ಮ ರಚನೆಯಲ್ಲಿ ಬೆಳಕು ಚದುರುವುದರಿಂದ. ಆದ್ದರಿಂದ ಫ್ಲ್ಯಾಶ್ ಹಾಕಿ ತೆಗೆದ ಫೋಟೊವನ್ನಷ್ಟೇ ನೋಡಿ ಮುಂಗಡ ಕೊಡಬಾರದು.

ಕೆಂಪು, ಕಿತ್ತಳೆಯವುಗಳನ್ನು ಬೇರ್ಪಡಿಸುವುದು

ಕಪ್ಪು ಮೈ, ಕಿತ್ತಳೆ ಮಂಡಿಯಿದ್ದರೆ ‘ಕೆಂಪು ಮಂಡಿಯ ಜೇಡ’ ಎಂದೇ ಕರೆಯುವ ಬ್ರಾಕಿಪೆಲ್ಮಾ ಹಮೋರಿ ಅಥವಾ ಸ್ಮಿತಿ. ಇವೆರಡನ್ನು ಬಹುಕಾಲ ಬೆರೆಸಿ ಹೇಳುತ್ತಿದ್ದರು. 2017ರ ಪರಿಷ್ಕರಣೆ ಬೇರ್ಪಡಿಸಿತು. ಎರಡೂ ಸಾಮಾನ್ಯವಾಗಿ ಶಾಂತ ಸ್ವಭಾವದವು. ತಿಳಿ ಬಣ್ಣದ ಬೆನ್ನ ಚಿಪ್ಪಿನ ಮುಂಭಾಗದಲ್ಲಿ ಕಪ್ಪು ತ್ರಿಕೋನವಿದ್ದರೆ ಅದು ಇದೇ ಕುಲದ ಎಮಿಲಿಯಾ. ಚಿಪ್ಪೂ ಕಾಲುಗಳ ನಡುಭಾಗವೂ ಬೆಂಕಿಯ ಬಣ್ಣವಾಗಿ ಪಾದಗಳು ಕಪ್ಪಾಗಿದ್ದರೆ ಇದೇ ಕುಲದ ಬೋಮಿ. ಇದು ರೋಮ ತೂರುವುದರಲ್ಲಿ ಧಾರಾಳಿ.

ಮರಿಗಳಲ್ಲಿ ಈ ಲಕ್ಷಣಗಳನ್ನು ಹುಡುಕಿ ಪ್ರಯೋಜನವಿಲ್ಲ, ಬಹಳಷ್ಟು ಮಾಸಲು ಕಂದು. ಪೊರೆ ಬಿಡುವ ಮುನ್ನ ದೊಡ್ಡವೂ ಕಳೆಗುಂದುತ್ತವೆ. ಹೆಣ್ಣೆಂದು ಖಚಿತವಾದ, ಅರ್ಧ ಬೆಳೆದ ಜೇಡಕ್ಕೆ ಬೆಲೆ ಹೆಚ್ಚಾದರೂ ಅದನ್ನೇ ಕೊಳ್ಳುವುದು ಲೇಸು, ಏಕೆಂದರೆ ಗಂಡು ಕೊನೆಯ ಪೊರೆ ಬಿಟ್ಟ ಮೇಲೆ ಹೆಚ್ಚು ಕಾಲ ಉಳಿಯದು. ಮುಂಗಾಲಿನಲ್ಲಿ ಕೊಕ್ಕೆಯೂ ಬಾಯಿಯ ಬಳಿಯ ಕಿರುಗಾಲಿನ ತುದಿಯಲ್ಲಿ ಉಬ್ಬೂ ಕಂಡರೆ ಅದು ವಯಸ್ಕ ಗಂಡು.

ಮನೆಯನ್ನು ಪರೀಕ್ಷಿಸಿ

ಜೇಡವನ್ನು ತರುವ ಮೊದಲೇ ಪೆಟ್ಟಿಗೆಗೆ ಜಾಗ ಗೊತ್ತುಮಾಡಬೇಕು. ಏಪ್ರಿಲ್‌ನಲ್ಲಿ ತಗಡಿನ ಮಾಡಿನ ಕೆಳಗಿನ ಕೋಣೆಯಾಗಲಿ, ಪಡುವಣ ಬಿಸಿಲು ಬಡಿಯುವ ಗೋಡೆಯ ಪಕ್ಕವಾಗಲಿ ಸಲ್ಲದು. ಮನೆಯ ನಡುವಿನ ತಂಪಾದ ಕೋಣೆ, ಗಾಳಿಯಾಡುವ ಪೆಟ್ಟಿಗೆ, ಒಣ ಕೊಕೊಪೀಟ್ ಮತ್ತು ಸದಾ ನೀರಿರುವ ಸಣ್ಣ ಬಟ್ಟಲು ಸಾಕು. ನೆಲದ ಜಾತಿಗಳಿಗೆ ಎತ್ತರದ ಪೆಟ್ಟಿಗೆ ಬೇಡ, ಬಿದ್ದರೆ ಹೊಟ್ಟೆ ಒಡೆದು ಸಾಯುತ್ತವೆ. ಮೆಕ್ಕೆಜೋಳದ ಹೊಲದಿಂದ ಹಿಡಿದ ಮಿಡತೆಯಲ್ಲಿ ಕೀಟನಾಶಕವಿರಬಹುದಾದ್ದರಿಂದ ಸಾಕಿದ ಜಿರಳೆ ಅಥವಾ ಕ್ರಿಕೆಟ್ ಹುಳುವನ್ನೇ ತಿನ್ನಿಸಬೇಕು. ಸೊಳ್ಳೆ ಬತ್ತಿಯಲ್ಲಿಯೂ ದ್ರವರೂಪದ ಸೊಳ್ಳೆನಾಶಕದಲ್ಲಿಯೂ ಇರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಜೇಡಗಳಿಗೆ ವಿಷ. ಅವಿಲ್ಲದೆ ಮನೆಯವರಿಗೆ ನಿದ್ದೆ ಬಾರದೆಂದಾದರೆ ಮನೆಯ ಕಿಟಕಿಗಳಿಗೆ ಜಾಲರಿ ಹಾಕಿಸಿ ಅವುಗಳ ಬಳಕೆಯನ್ನು ನಿಲ್ಲಿಸಿದ ಬಳಿಕವೇ ಕೊಳ್ಳುವ ಮಾತನಾಡಬೇಕು.