ಜೀಪು ಬರುವವರೆಗಿನ ಹೊತ್ತು: ಒಂಟಿ ಮನೆಗಳಿಗೊಂದು ಸುರಕ್ಷತಾ ಕೈಪಿಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಪಕ್ಕದ ಮನೆ ಎಷ್ಟು ದೂರ ಎಂದು ಕೇಳಿದರೆ ಹಿರಿಯರು ಇಂದಿಗೂ ಕೂಗಳತೆ ಎನ್ನುತ್ತಾರೆ. ಅಂಗಳದ ತುದಿಯಲ್ಲಿ ನಿಂತು ಕೂ ಹಾಕಿದರೆ ಆಚೆ ದಿಬ್ಬದ ಮನೆಯವರಿಗೆ ಕೇಳಿಸುವಷ್ಟು ದೂರ. ವೈಯಕ್ತಿಕ ಸುರಕ್ಷತೆಯ ಮಾತು ಬಂದಾಗ ನಾನು ಈ ಅಳತೆಯಿಂದಲೇ ಆರಂಭಿಸುತ್ತೇನೆ. ಏಕೆಂದರೆ 10,291 ಚದರ ಕಿಲೋಮೀಟರ್ ವಿಸ್ತಾರದ, ಬಹುಪಾಲು ಕಾಡೇ ತುಂಬಿರುವ ಉತ್ತರ ಕನ್ನಡದಲ್ಲಿ ಪೊಲೀಸ್ ಠಾಣೆ ಕೂಗಳತೆಯಲ್ಲಿರುವ ಮನೆಗಳು ಬೆರಳೆಣಿಕೆಯಷ್ಟು, ಮಳೆಗಾಲದ ರಾತ್ರಿ ಫೋನಿಗೂ ಠಾಣೆ ಸಿಗದ ಮನೆಗಳು ಬಹಳ.

ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ರಾತ್ರಿ ನನ್ನ ಚಿಕ್ಕಮ್ಮನ ಮನೆಯ ಹಿತ್ತಲ ಬಾಗಿಲನ್ನು ಯಾರೋ ಒದೆಯತೊಡಗಿದರು. ಚಿಕ್ಕಪ್ಪ ತೀರಿಕೊಂಡಿದ್ದರು, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದರು, ಅವರೊಬ್ಬರೇ ಮನೆಯಲ್ಲಿದ್ದರು. ತೋಟಕ್ಕೆ ಹೋಗುವ ದಾರಿಯ ತಕರಾರಿನಲ್ಲಿ ಬೆದರಿಕೆ ಹಾಕಿದ್ದ ವ್ಯಕ್ತಿಯನ್ನು ಠಾಣೆಗೆ ಕರೆಸಿ, ಮುಚ್ಚಳಿಕೆ ಬರೆಸಿಕೊಂಡು ಕಳಿಸಿ ಆಗಿನ್ನೂ ಹದಿನೈದು ದಿನವೂ ಆಗಿರಲಿಲ್ಲ. ಕರೆ ಮಾಡಿದ ಮೇಲೆ ಜೀಪು ಬರುವುದಕ್ಕೆ ಒಂದೂಕಾಲು ಗಂಟೆ ಹಿಡಿಯಿತು, ದಾರಿಯಲ್ಲಿ ಮರ ಬಿದ್ದಿತ್ತು. ಬಂದವರು ಮಳೆಯಲ್ಲಿ ನೆನೆದುಕೊಂಡೇ ಮರ ಕಡಿದು ದಾರಿ ಮಾಡಿಕೊಂಡು ಬಂದಿದ್ದರು, ಅದನ್ನು ನಾನು ಮರೆಯುವುದಿಲ್ಲ. ಆದರೆ ಆ ಒಂದೂಕಾಲು ಗಂಟೆ ಚಿಕ್ಕಮ್ಮನನ್ನು ಕಾಯ್ದದ್ದು ಒಳಕೋಣೆಯ ಹಲಸಿನ ಬಾಗಿಲು ಮತ್ತು ಟಾರ್ಚು ಹಿಡಿದು ಓಡಿ ಬಂದ ಕೆಳಗಿನ ಮನೆಯವರು. ಈ ಬರಹ ಆ ಹೊತ್ತಿನ ಬಗ್ಗೆ, ಅದನ್ನು ಮೊದಲೇ ಹೇಗೆ ಸಿದ್ಧಪಡಿಸಿಕೊಳ್ಳಬೇಕು ಎಂಬುದರ ಬಗ್ಗೆ.

ಮೊದಲು ಹೊತ್ತನ್ನು ಅಳೆಯಿರಿ

ನಿಮ್ಮ ಠಾಣೆಯಿಂದ ಮನೆಯ ದಣಪೆಯವರೆಗೆ, ಅಂದರೆ ಬೇಲಿಯ ಬಾಗಿಲಿನವರೆಗೆ, ಹಗಲಿನಲ್ಲಿ ಎಷ್ಟು ನಿಮಿಷ, ರಾತ್ರಿ ಎಷ್ಟು, ಜುಲೈ ತಿಂಗಳ ಮಳೆಯಲ್ಲಿ ಎಷ್ಟು ಎಂಬುದನ್ನು ಗಾಡಿಯಲ್ಲಿ ಹೋಗಿ ನೋಡಿ ಬರೆದಿಟ್ಟುಕೊಳ್ಳಿ. ಇದಕ್ಕೆ ಕರೆ ಸ್ವೀಕರಿಸಿ ವಾಹನ ಹೊರಡಿಸುವ ಹೊತ್ತನ್ನೂ ಸೇರಿಸಬೇಕು, ಅದೇ ರಾತ್ರಿ ಅದೇ ಸಿಬ್ಬಂದಿಯನ್ನು ಹೆದ್ದಾರಿಯ ಅಪಘಾತವೋ ಜಾತ್ರೆಯ ಬಂದೋಬಸ್ತೋ ಹಿಡಿದಿಟ್ಟಿರಬಹುದು ಎಂಬುದನ್ನೂ ನೆನಪಿಡಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಮೂರು ವಾರ ಕಳೆಯುವಷ್ಟರಲ್ಲಿ ಕಾರವಾರದ ಕೋಡಿಬಾಗದ ಬಳಿ ಕಾಳಿ ನದಿಯ ಹಳೆಯ ಸೇತುವೆ ನಡುರಾತ್ರಿ ಕುಸಿಯಿತು. ಅಂಥ ದಿನಗಳಲ್ಲಿ ಎಷ್ಟೇ ಶ್ರದ್ಧೆಯ ಅಧಿಕಾರಿಯಾದರೂ ಹಾರಿ ಬರಲಾರರು. ನಿಮ್ಮ ಲೆಕ್ಕ ನಲವತ್ತು ನಿಮಿಷ ಎಂದು ಬಂದರೆ, ಮನೆಯ ವ್ಯವಸ್ಥೆ ಎಂಬತ್ತು ನಿಮಿಷ ತಡೆಯುವಂತಿರಲಿ.

ಕರೆ ಮಾಡುವ ರೀತಿ

ತುರ್ತು ಸಂಖ್ಯೆ 112. ಮಹಿಳೆಯರಿಗೆ 181, ಮಕ್ಕಳಿಗೆ 1098 ಇವೆ, ಆದರೆ ಬಾಗಿಲಲ್ಲಿ ಅಪಾಯ ನಿಂತಿರುವಾಗ 112 ಒಂದೇ ನೆನಪಿದ್ದರೆ ಸಾಕು. ಕರೆ ಸ್ವೀಕರಿಸುವವರು ನಿಮ್ಮ ಊರನ್ನು ಕಂಡಿರುತ್ತಾರೆಂದು ಭಾವಿಸಬೇಡಿ. ಶಿರೂರು ಎಂದರೆ ಅಂಕೋಲಾದ ಶಿರೂರೂ ಇದೆ, ಬೈಂದೂರಿನ ಶಿರೂರೂ ಇದೆ, ಎರಡೂ ಅದೇ ಹೆದ್ದಾರಿಯ ಮೇಲಿವೆ. ಕೆಳಗಿನಮನೆ, ಹೊಸಗದ್ದೆ ಎಂಬ ಹೆಸರುಗಳಂತೂ ಊರಿಗೊಂದು. ಆದ್ದರಿಂದ ಮೊದಲು ತಾಲ್ಲೂಕು, ಆಮೇಲೆ ಊರು, ಮನೆಯ ಹೆಸರು, ಹತ್ತಿರದ ಶಾಲೆ ಅಥವಾ ದೇವಸ್ಥಾನ, ಡಾಂಬರು ರಸ್ತೆಯಿಂದ ಒಳಗೆ ಬರುವ ತಿರುವಿನ ಗುರುತು ಇವನ್ನು ಹೇಳಿ, ನಂತರ ಏನಾಗುತ್ತಿದೆ ಎಂಬುದನ್ನು ಹೇಳಿ, ನಿಮ್ಮ ಹೆಸರನ್ನು ಕೊನೆಗೆ ಹೇಳಿ; ಕರೆ ನಡುವೆ ಕಡಿದುಹೋದರೂ ಜಾಗ ತಿಳಿದಿರುತ್ತದೆ. ಈ ವಿವರವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಫೋನಿನ ಬಳಿಯ ಗೋಡೆಗೆ ಅಂಟಿಸಿಡಿ. ಗಾಬರಿಯಲ್ಲಿ ಸ್ವಂತ ಊರಿನ ಹೆಸರೂ ಬಾಯಿಗೆ ಬರುವುದಿಲ್ಲ ಎಂಬುದನ್ನು ಚಿಕ್ಕಮ್ಮ ಆಮೇಲೆ ನನಗೆ ಹೇಳಿದರು.

ಅನೇಕ ಸ್ಮಾರ್ಟ್‌ಫೋನುಗಳಲ್ಲಿ ಪವರ್ ಗುಂಡಿಯನ್ನು ಬೇಗಬೇಗ ಮೂರು ಸಲ ಒತ್ತಿದರೆ, ಗುಂಡಿಯ ಸಾದಾ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುತ್ತದೆ. ನಿಮ್ಮ ಫೋನಿನಲ್ಲಿ ಈ ಸೌಲಭ್ಯ ಚಾಲೂ ಇದೆಯೇ ಎಂದು ಸೆಟ್ಟಿಂಗ್‌ನಲ್ಲಿ ಇಂದೇ ನೋಡಿ. ಘಟ್ಟದ ಮೇಲೆ ಕರೆಂಟು ಹೋಗಿ ಕೆಲವು ಗಂಟೆ ಕಳೆದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಬರುತ್ತದೆ, ಆ ಮೂಲೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯಲ್ಲಿದೆಯೇ, ಇಲ್ಲವೇ ಅಂಗಳದ ಬಾಳೆಗಿಡದ ಬುಡದಲ್ಲಿದೆಯೇ ಎಂಬುದು ಇಡೀ ಯೋಜನೆಯನ್ನು ಬದಲಿಸುತ್ತದೆ. ಸ್ಥಿರ ದೂರವಾಣಿ ಇನ್ನೂ ಇರುವವರು ದಯವಿಟ್ಟು ಅದನ್ನು ಕಡಿಸಬೇಡಿ.

ಬೆದರಿಕೆ ಬಂದ ದಿನವೇ ಬರೆಯಿರಿ

ಹಳ್ಳಿಗಳಲ್ಲಿ ಅಪಾಯ ಬಹಳ ಸಲ ಪರಿಚಿತರಿಂದಲೇ ಬರುತ್ತದೆ: ಗಡಿ ಕಲ್ಲು, ದಾರಿ, ನೀರು, ಪಾಲು, ಮುರಿದ ಸಂಬಂಧ. ಪೊಲೀಸ್ ರಕ್ಷಣೆ ಕೇಳುವವರು ಕಾನೂನಿನ ಒಂದು ಮಿತಿಯನ್ನು ಮೊದಲೇ ತಿಳಿದಿರಬೇಕು. ಬಾಯಿಮಾತಿನ ಬೆದರಿಕೆ ಅನೇಕ ಸಂದರ್ಭಗಳಲ್ಲಿ ಅಸಂಜ್ಞೇಯ ಅಪರಾಧವಾಗಿ ದಾಖಲಾಗುತ್ತದೆ, ಮತ್ತು ಅಂಥ ಪ್ರಕರಣವನ್ನು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅಂಥ ಆದೇಶವಿಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದವು ಸಂಜ್ಞೇಯ ಅಪರಾಧಗಳು; ಅವುಗಳಲ್ಲಿ ಮೂರು ವರ್ಷ ಅಥವಾ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯವುಗಳಲ್ಲಿಯೂ ಡಿವೈಎಸ್‌ಪಿ ಅನುಮತಿ ಪಡೆದು ಹದಿನಾಲ್ಕು ದಿನಗಳ ಪ್ರಾಥಮಿಕ ವಿಚಾರಣೆಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಟ್ಟಿದೆ. ಇವತ್ತು ದೂರು ಕೊಟ್ಟರೆ ಇವತ್ತೇ ಆತನನ್ನು ಒಳಗೆ ಹಾಕುತ್ತಾರೆ ಎಂಬ ನಂಬಿಕೆಯಿಂದ ಮನೆಗೆ ಬಂದು ಬಾಗಿಲು ತೆರೆದು ಮಲಗಿದವರು ಇದ್ದಾರೆ.

ಹಾಗಿದ್ದರೂ ದೂರು ಕೊಡಲೇಬೇಕು, ಲಿಖಿತವಾಗಿ ಕೊಡಬೇಕು. ದಿನಾಂಕ, ಸಮಯ, ಜಾಗ, ಕೇಳಿಸಿಕೊಂಡವರ ಹೆಸರು, ಆತ ಆಡಿದ ಮಾತು ಅವನ ಬಾಯಲ್ಲಿ ಹೇಗೆ ಬಂತೋ ಹಾಗೆಯೇ, ಇವೆಲ್ಲ ಅರ್ಜಿಯಲ್ಲಿರಲಿ; ವಾಟ್ಸಾಪ್ ಧ್ವನಿ ಸಂದೇಶವಿದ್ದರೆ ಅಳಿಸದೆ ಇನ್ನೊಂದು ಫೋನಿಗೂ ಕಳಿಸಿಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಠಾಣೆಯ ಮೊಹರು ಮತ್ತು ಸಹಿ ಹಾಕಿಸಿಕೊಳ್ಳಿ, ಅಥವಾ ಹಿಂಬರಹ, ಅಂದರೆ ದೂರು ತಲುಪಿತೆಂಬ ಠಾಣೆಯ ಲಿಖಿತ ಉತ್ತರ, ಕೇಳಿ ಪಡೆಯಿರಿ. ಸಂಜ್ಞೇಯ ಅಪರಾಧ ಕಂಡುಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಪಡೆಯಬಹುದು. ಠಾಣೆ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಅಂಚೆಯಲ್ಲಿ ಕಾರವಾರದ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ.

ಮುಚ್ಚಳಿಕೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿಯೇ ನಮ್ಮ ಜನ ಮೋಸ ಹೋಗುತ್ತಾರೆ. ಠಾಣೆಯಲ್ಲಿ ಇಬ್ಬರನ್ನೂ ಕೂರಿಸಿ ಇನ್ನು ಮುಂದೆ ಜಗಳ ಮಾಡುವುದಿಲ್ಲ ಎಂದು ಬರೆಸಿಕೊಳ್ಳುವ ಕಾಗದ ಬುದ್ಧಿಮಾತಿನ ದಾಖಲೆ ಮಾತ್ರ, ಅದು ಆತನ ಕೈಯನ್ನು ಕಟ್ಟುವುದಿಲ್ಲ. ಕಾರ್ಯನಿರ್ವಾಹಕ ದಂಡಾಧಿಕಾರಿಯವರ ಮುಂದೆ, ಅಂದರೆ ಸಾಮಾನ್ಯವಾಗಿ ತಹಶೀಲ್ದಾರರ ಮುಂದೆ, ಸುರಕ್ಷಾ ಸಂಹಿತೆಯ 126ನೇ ಕಲಂ ಪ್ರಕಾರ ಆಗುವ ಶಾಂತಿಪಾಲನೆಯ ಮುಚ್ಚಳಿಕೆ ಬೇರೆ. ಅದನ್ನು ಒಂದು ವರ್ಷದವರೆಗೆ ಬರೆಸಬಹುದು, ಮುರಿದರೆ ಹಣ ಜಪ್ತಿಯಾಗುತ್ತದೆ. ನಿಮ್ಮ ಅರ್ಜಿಯಲ್ಲಿ ಈ ಕಲಮನ್ನು ಹೆಸರಿಸಿಯೇ ಕೇಳಿ. ಮನೆಯೊಳಗಿನ ಹಿಂಸೆಯಾದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣಾ ಆದೇಶ ಇನ್ನೂ ಬಲವಾದದ್ದು, ಅದನ್ನು ಮುರಿಯುವುದೇ ಒಂದು ಅಪರಾಧ. ಆ ಆದೇಶಕ್ಕೆ ಅರ್ಜಿ ಹಾಕುವ ಹೆಣ್ಣುಮಗಳು ಆಧಾರ್, ಪಾಸ್‌ಬುಕ್, ಮಕ್ಕಳ ದಾಖಲೆ, ಒಂದಿಷ್ಟು ನಗದು, ಔಷಧಿ ಇರುವ ಚೀಲವನ್ನು ನಂಬಿಕೆಯ ಇನ್ನೊಂದು ಮನೆಯಲ್ಲಿ ಮೊದಲೇ ಇಟ್ಟಿರಬೇಕು, ಏಕೆಂದರೆ ನೋಟಿಸು ಗಂಡಸಿನ ಕೈಗೆ ಸೇರುವ ದಿನ ಅತ್ಯಂತ ಅಪಾಯದ ದಿನ.

ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾದವರಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ಅನುಮೋದಿಸಿದ ಸಾಕ್ಷಿ ಸಂರಕ್ಷಣಾ ಯೋಜನೆಯ ದಾರಿಯಿದೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹೋಗುತ್ತದೆ, ಪೊಲೀಸರು ಐದು ಕೆಲಸದ ದಿನಗಳಲ್ಲಿ ಅಪಾಯದ ವರದಿ ಕೊಡಬೇಕು. ಆದರೆ ರಕ್ಷಣೆ ಒಂದು ಸಲಕ್ಕೆ ಮೂರು ತಿಂಗಳಿಗೆ ಮೀರದು. ಮನೆ ಮುಂದೆ ಸಿಬ್ಬಂದಿ ನಿಂತ ಮೊದಲ ದಿನವೇ ಅವರು ಹೊರಟುಹೋಗುವ ದಿನಕ್ಕೂ ತಯಾರಿ ಆರಂಭವಾಗಬೇಕು.

ಮನೆ

ಮುಂಬಾಗಿಲಿಗೆ ಮೂರು ಬೀಗ ಹಾಕಿ ಹಿತ್ತಲಿಗೆ ಒಂದು ತುಕ್ಕು ಹಿಡಿದ ಚಿಲಕ ಇಡುವುದು ನಮ್ಮ ಕಡೆಯ ಹಳೆಯ ರೂಢಿ. ಕಳ್ಳ ಬರುವುದು ಹಿತ್ತಲಿನಿಂದ, ಬಚ್ಚಲಿನ ಕಡೆಯಿಂದ, ಇಲ್ಲವೇ ಮಾಡಿನ ಹಂಚು ತೆಗೆದು. ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಏಣಿ, ಹಾರೆ, ಕತ್ತಿಗಳನ್ನು ಸಂಜೆ ಒಳಗಿಟ್ಟು ಬೀಗ ಹಾಕಿ. ಬಾಗಿಲು ಮುರಿಯುವ ಸಲಕರಣೆಯನ್ನು ನಾವೇ ಒದಗಿಸಬಾರದು. ಚಾಲಿ ಅಡಿಕೆ ಸುಲಿದು ಮಾರುವ ಕಾಲದಲ್ಲಿ ಎಷ್ಟು ಚೀಲ ಹೋಯಿತು ಎಂಬುದನ್ನು ಅಂಗಡಿಯ ಕಟ್ಟೆಯಲ್ಲಿ ಹೇಳಬೇಡಿ, ಹಣವನ್ನು ಖಾತೆಗೇ ಹಾಕಿಸಿಕೊಳ್ಳಿ.

ಒಂದು ಒಳಕೋಣೆಯನ್ನು ಆರಿಸಿ, ಅದಕ್ಕೆ ಒಳಗಿನಿಂದ ಅಡ್ಡಗೋಲು ಅಥವಾ ಗಟ್ಟಿ ಅಗಳಿ ಹಾಕಿಸಿ, ಬಿಜಾಗರಿಗಳ ಮೊಳೆಗಳನ್ನು ಉದ್ದದ ತಿರುಪಿಗೆ ಬದಲಿಸಿ. ಚಾರ್ಜಾದ ಟಾರ್ಚು, ಪವರ್ ಬ್ಯಾಂಕ್, ಕುಡಿಯುವ ನೀರು, ದಿನದ ಮಾತ್ರೆ ಅಲ್ಲಿರಲಿ. ಜೊತೆಗೆ ದೇವರ ಕೋಣೆಯ ಜಾಗಟೆಯನ್ನು ರಾತ್ರಿ ಅಲ್ಲಿಯೇ ಇಟ್ಟುಕೊಳ್ಳಿ. ನಡುರಾತ್ರಿ ಜಾಗಟೆಯ ಸದ್ದು ಕೇಳಿದರೆ ಅದು ಪೂಜೆಯಲ್ಲ ಎಂಬುದು ಕಣಿವೆಯ ಪ್ರತಿ ಮನೆಗೂ ತಿಳಿಯುತ್ತದೆ. ಮನುಷ್ಯನ ಕೂಗಿಗಿಂತ ಅದು ದೂರ ಹೋಗುತ್ತದೆ, ಗಂಟಲು ಕಟ್ಟಿದರೂ ನಿಲ್ಲುವುದಿಲ್ಲ. ಮೂರ್ನಾಲ್ಕು ಮನೆಗಳವರು ಕೂತು ಒಪ್ಪಂದ ಮಾಡಿಕೊಳ್ಳಬೇಕು: ಸದ್ದು ಕೇಳಿದ ಮನೆಯವರು ಮೊದಲು ಎಲ್ಲ ದೀಪ ಹಾಕಿ ತಾವೂ ಬಾರಿಸಬೇಕು, 112ಕ್ಕೆ ಕರೆ ಮಾಡಬೇಕು, ಇಬ್ಬರಿಗಿಂತ ಕಡಿಮೆ ಜನ ಹೊರಡಬಾರದು. ಕರಾವಳಿಯ ಮೀನುಗಾರರ ಕೇರಿಗಳಲ್ಲಿ ಮನೆಗಳು ಒತ್ತಾಗಿರುವುದರಿಂದ ಇದು ಸುಲಭ. ಅಲ್ಲಿನ ಅಪಾಯ ಹೆಚ್ಚಾಗಿ ಬೆಳಗಿನ ಜಾವ ಬಂದರಿಗೆ ಹೊರಟ ಹೆಂಗಸರಿಗೆ ಕತ್ತಲ ದಾರಿಯಲ್ಲಿ, ಆದ್ದರಿಂದ ಜೊತೆಗೂಡಿ ಹೊರಡುವುದೂ ಒಬ್ಬರು ಬಾರದಿದ್ದರೆ ಹುಡುಕಿ ಹೋಗುವುದೂ ಅಲ್ಲಿನ ನಿಯಮವಾಗಲಿ.

ಕೈ ಎತ್ತುವ ಮೊದಲು

ಪೊಲೀಸರು ಎಲ್ಲ ಕಡೆ ಇರಲಾರರು ಎಂಬುದನ್ನು ಕಾನೂನೇ ಒಪ್ಪಿಕೊಂಡು ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಅದನ್ನು ಹೇಳುತ್ತವೆ. ಇದರ ಎರಡು ಬೇಲಿಗಳನ್ನು 37ನೇ ಕಲಂ ಹಾಕಿದೆ: ಸರ್ಕಾರಿ ರಕ್ಷಣೆ ಪಡೆಯಲು ಸಮಯವಿದ್ದಾಗ ಈ ಹಕ್ಕಿಲ್ಲ, ಮತ್ತು ತಡೆಯಲು ಬೇಕಾದಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಓಡುತ್ತಿರುವವನ ಬೆನ್ನಿಗೆ ಹೊಡೆದರೆ, ಸಿಕ್ಕಿಬಿದ್ದವನನ್ನು ಕಂಬಕ್ಕೆ ಕಟ್ಟಿ ಥಳಿಸಿದರೆ ಅಪರಾಧಿ ನೀವಾಗುತ್ತೀರಿ. ಕಣ್ಣೆದುರೇ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ನಾಗರಿಕರು ಹಿಡಿಯಬಹುದು, ಆದರೆ ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು.

ಬೆಳೆ ರಕ್ಷಣೆಯ ಕೋವಿ ಇರುವವರು ಅದನ್ನೇ ನಂಬಿ ಬೇರೆ ವ್ಯವಸ್ಥೆ ಬಿಟ್ಟಿರುವುದನ್ನು ಕಂಡಿದ್ದೇನೆ. ಚುನಾವಣೆ ಬಂದಾಗ ಆ ಕೋವಿ ಠಾಣೆಯಲ್ಲಿರುತ್ತದೆ. ಉಳಿದ ದಿನ ಕತ್ತಲಲ್ಲಿ, ನಡುಗುವ ಕೈಯಲ್ಲಿ, ಎದುರಿಗೆ ಬರುತ್ತಿರುವುದು ಕಳ್ಳನೋ ಸಹಾಯಕ್ಕೆ ಬಂದ ನೆರೆಯವನೋ ತಿಳಿಯುವುದಿಲ್ಲ. ಹಂದಿಗೆಂದು ಬೇಲಿಗೆ ಕರೆಂಟು ಹರಿಸುವವರು ಮನೆಯ ಸುತ್ತಲೂ ಅದನ್ನು ಎಳೆಯುವ ಮಾತಾಡುತ್ತಾರೆ. ಖಂಡಿತ ಬೇಡ. ಅದು ಕೊಲೆಗಾರನ ಕೆಲಸ, ಮೊದಲು ಸಾಯುವುದು ಮನೆಯ ಮಗುವೋ ದನವೋ ಓಡಿ ಬಂದ ನೆರೆಯವರೋ ಆಗಿರುತ್ತದೆ.

ಘಟನೆ ಮುಗಿದ ಮೇಲೆ ಜಾಗವನ್ನು ತೊಳೆಯದೆ ಫೋಟೋ ತೆಗೆಯಿರಿ, ಸಣ್ಣ ಗಾಯವಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಿಸಿ, ತೊಂಬತ್ತು ದಿನದೊಳಗೆ ತನಿಖೆಯ ಪ್ರಗತಿ ತಿಳಿಸುವ ಹೊಣೆ ಪೊಲೀಸರದೆಂಬುದನ್ನು ನೆನಪಿಟ್ಟು ಕೇಳಿ.

ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ನೆರೆಯವರಿಗೆ ಹೇಳಿಟ್ಟು ಒಂದು ರಾತ್ರಿ ಎಲ್ಲವನ್ನೂ ಮಾಡಿ ನೋಡಿ: ಹಾಸಿಗೆಯಿಂದ ಎದ್ದು ಒಳಕೋಣೆ ಸೇರಿ ಅಗಳಿ ಹಾಕಲು ಅಮ್ಮನಿಗೆ ಎಷ್ಟು ಹೊತ್ತು ಬೇಕು, ಜಾಗಟೆ ಯಾವ ಮನೆಯವರೆಗೆ ಕೇಳಿಸಿತು, ಎಷ್ಟು ಜನ ಎದ್ದರು. ಜೂನ್ ಕೊನೆಯಲ್ಲಿ, ಹಂಚಿನ ಮೇಲೆ ಮಳೆ ಹೊಯ್ಯುವಾಗ, ಇನ್ನೊಮ್ಮೆ ಬಾರಿಸಿ ನೋಡಿ. ಆಗ ಕೆಳಗಿನ ಮನೆಗೆ ಕೇಳಿಸದಿದ್ದರೆ, ಅವರ ಜಗಲಿಗೆ ಎದುರಾಗಿ ಕಾಣುವ ಕಿಟಕಿಗೆ ಬ್ಯಾಟರಿಯ ಕೆಂಪು ದೀಪವೊಂದನ್ನು ಹಾಕಿಸಿ.