ಕರಾರು ಮೊದಲೋ, ಕೋಡ್ ಮೊದಲೋ?

ಶಿವಮೊಗ್ಗ ಮಂಡಿಯ ಅಡಿಕೆ ಧಾರಣೆಯನ್ನು ಮೊಬೈಲ್ ಆ್ಯಪ್‌ಗಳಿಗೆ ಒದಗಿಸುವ ವೆಬ್ ಸೇವೆಯೊಂದನ್ನು ಕಟ್ಟಬೇಕಾಗಿದೆ ಎಂದಿಟ್ಟುಕೊಳ್ಳಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಕನಿಷ್ಠ ಮತ್ತು ಗರಿಷ್ಠ ದರಗಳನ್ನು ಅದು ಕಳುಹಿಸಬೇಕು. ಬರುವ ಮತ್ತು ಹೋಗುವ ಸಂದೇಶಗಳ ರೂಪವನ್ನು, ಅಂದರೆ ಸೇವೆ ಮತ್ತು ಆ್ಯಪ್‌ಗಳ ನಡುವಿನ ಕರಾರನ್ನು, ಡಬ್ಲ್ಯುಎಸ್‌ಡಿಎಲ್ ಅಥವಾ ಓಪನ್‌ಎಪಿಐ ಎಂಬ ಸೇವಾ ವಿವರಣೆಯ ನಮೂನೆಯ ಕಡತದಲ್ಲಿ ಮೊದಲು ಬರೆದು, ಅದಕ್ಕೆ ತಕ್ಕಂತೆ ಕೋಡ್ ಬರೆಯುವುದು ಕಾಂಟ್ರಾಕ್ಟ್-ಫಸ್ಟ್. ಕ್ಲಾಸ್‌ಗಳನ್ನು ಮೊದಲು ಬರೆದು, ಆ ಕಡತವನ್ನು ಉಪಕರಣದಿಂದ ಹೊರಡಿಸುವುದು ಕೋಡ್-ಫಸ್ಟ್.

ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದದ್ದು ಒಂದೇ: ಈ ಸೇವೆಯನ್ನು ಬಳಸುವ ಎಲ್ಲರನ್ನೂ ಒಂದೇ ದಿನ ಹೊಸ ಆವೃತ್ತಿಗೆ ತರಲು ನಿಮ್ಮಿಂದ ಸಾಧ್ಯವೇ? ಇಲ್ಲವೆಂದಾದರೆ ಕಾಂಟ್ರಾಕ್ಟ್-ಫಸ್ಟ್ ಲೇಸು. ಇದನ್ನು ಕೇಳಿಕೊಳ್ಳದೆ ನಾನೊಮ್ಮೆ ಕೋಡ್-ಫಸ್ಟ್ ಹಿಡಿದಿದ್ದೆ. ಒಂದು ಸಂಜೆ ಕ್ಲಾಸ್ ಚೊಕ್ಕಗೊಳಿಸುವ ಉತ್ಸಾಹದಲ್ಲಿ 'ದರ' ಎಂಬ ಫೀಲ್ಡನ್ನು 'ಗರಿಷ್ಠದರ' ಎಂದು ಬದಲಿಸಿದೆ. ಉಪಕರಣ ಕರಾರನ್ನೂ ಸದ್ದಿಲ್ಲದೆ ಬದಲಿಸಿತು, ಸರ್ವರ್‌ನ ಪರೀಕ್ಷೆಗಳೆಲ್ಲ ಪಾಸಾದವು. ಮಳೆಗಾಲದಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗದೆ ಹಳೆಯ ಆ್ಯಪನ್ನೇ ಇಟ್ಟುಕೊಂಡಿದ್ದ ಆಗುಂಬೆ ಕಡೆಯ ಫೋನ್‌ಗಳಲ್ಲಿ ಮಾತ್ರ ಮರುದಿನ ದರದ ಜಾಗ ಖಾಲಿಯಾಗಿತ್ತು.

ಕೋಡ್‌ನಿಂದ ಹುಟ್ಟಿದ ಕರಾರು ನಿಮ್ಮ ಮನಸ್ಸಿನಲ್ಲಿದ್ದುದನ್ನೇ ಹೇಳುತ್ತದೆ ಎಂಬ ಖಾತರಿಯೂ ಇಲ್ಲ. ಜಾವಾ ಕ್ಲಾಸ್‌ಗಳಿಂದ ಎಕ್ಸ್‌ಎಂಎಲ್ ಸ್ಕೀಮಾ ಹೊರಡಿಸುವ ಜೆಎಎಕ್ಸ್‌ಬಿಯಲ್ಲಿ ಬಿಗ್‌ಡೆಸಿಮಲ್ (ದಶಮಾಂಶ ಸಂಖ್ಯೆ) ಮಾದರಿಯ ದರದ ಫೀಲ್ಡಿಗೆ ಬೇರೇನೂ ಸೂಚಿಸದಿದ್ದರೆ ಸ್ಕೀಮಾದಲ್ಲಿ ಅದರ ಮಿನ್‌ಅಕರ್ಸ್ (ಕನಿಷ್ಠ ಎಷ್ಟು ಬಾರಿ ಇರಬೇಕೆಂಬ ಸಂಖ್ಯೆ) 0 ಎಂದಾಗುತ್ತದೆ, ಅಂದರೆ ದರವೇ ಇಲ್ಲದ ಧಾರಣೆಯೂ ಸಿಂಧುವಾಗುತ್ತದೆ. ಕರಾರನ್ನು ಕೈಯಾರೆ ಬರೆಯುವವರು ದರ ಕಡ್ಡಾಯವೇ, ಅದು ಕಿಲೋಗೋ ಕ್ವಿಂಟಲ್‌ಗೋ ಎಂಬುದನ್ನು ಆರಂಭದಲ್ಲಿಯೇ ತೀರ್ಮಾನಿಸಬೇಕಾಗುತ್ತದೆ. ಕಡತ ಸಿದ್ಧವಾದೊಡನೆ ಆ್ಯಪ್ ಬರೆಯುವವರು ಅದರಂತೆ ಮಾದರಿ ಉತ್ತರ ಕೊಡುವ ಅಣಕು ಸರ್ವರ್ ಇಟ್ಟುಕೊಂಡು ಕೆಲಸ ಶುರುಮಾಡಬಹುದು. ಜಾವಾದ ಸ್ಪ್ರಿಂಗ್ ವೆಬ್ ಸರ್ವೀಸಸ್ ಚೌಕಟ್ಟು ಅಂತೂ ಸೋಪ್ (ಎಕ್ಸ್‌ಎಂಎಲ್ ಸಂದೇಶಗಳ) ಸೇವೆಗಳಿಗೆ ಕಾಂಟ್ರಾಕ್ಟ್-ಫಸ್ಟ್ ದಾರಿಯನ್ನು ಮಾತ್ರ ಬೆಂಬಲಿಸುತ್ತದೆ. ಅದಕ್ಕೆ ಬೇಕಾದ ಸ್ಕೀಮಾ ಕಡತವಾದ ಎಕ್ಸ್‌ಎಸ್‌ಡಿ ಬರೆಯುವುದು ಬೇಸರದ ಕೆಲಸವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಸರ್ವರ್ ಮತ್ತು ಆ್ಯಪ್ ಎರಡೂ ಒಂದೇ ತಂಡದ ಕೈಯಲ್ಲಿದ್ದರೆ, ಅಥವಾ ಸೇವೆಯ ಸ್ವರೂಪವೇ ದಿನಕ್ಕೊಂದು ಬಗೆಯಲ್ಲಿ ಬದಲಾಗುತ್ತಿದ್ದರೆ, ಕೋಡ್-ಫಸ್ಟ್ ಸಾಕು. ಪೈಥಾನ್‌ನ ಫಾಸ್ಟ್‌ಎಪಿಐ ಟೈಪ್ ಸೂಚನೆಗಳಿಂದಲೇ ಓಪನ್‌ಎಪಿಐ ಕಡತವನ್ನು ಹೊರಡಿಸುತ್ತದೆ. ಆದರೆ ಆ ಕಡತವನ್ನು ಕೋಡ್‌ನ ಆವೃತ್ತಿಗಳನ್ನು ಕಾಪಿಡುವ ಗಿಟ್‌ಗೆ ಸೇರಿಸಿ, ಪ್ರತಿ ಬಿಲ್ಡ್‌ನಲ್ಲೂ ಹೊಸದಾಗಿ ಹೊರಡಿಸಿದ ಕಡತವನ್ನು ಅದರೊಂದಿಗೆ ಹೋಲಿಸಿ, ವ್ಯತ್ಯಾಸ ಕಂಡರೆ ಬಿಲ್ಡ್ ನಿಲ್ಲುವಂತೆ ಮಾಡಿ; ಈ ಕಟ್ಟುಪಾಡು ಇದ್ದಿದ್ದರೆ ನನ್ನ 'ಗರಿಷ್ಠದರ' ಆ ಸಂಜೆಯೇ ಸಿಕ್ಕಿಬೀಳುತ್ತಿತ್ತು.

ಹೊರಗಿನ ಮೊದಲ ಬಳಕೆದಾರ ಸೇರಿದ ದಿನದಿಂದ ಆ ಕಡತವನ್ನೇ ಕರಾರೆಂದು ಭಾವಿಸಿ, ಇನ್ನು ಮುಂದೆ ಅದನ್ನೇ ಮೊದಲು ತಿದ್ದಿ. ಉತ್ತರಕ್ಕೆ ಐಚ್ಛಿಕ ಫೀಲ್ಡೊಂದನ್ನು ಸೇರಿಸುವುದರಿಂದ ಸಾಮಾನ್ಯವಾಗಿ ತೊಂದರೆಯಾಗದು. ಹೆಸರು ಬದಲಿಸುವುದಾದರೆ ಹೊಸ ಆವೃತ್ತಿಗೆ ಬೇರೆ ವಿಳಾಸ ಕೊಡಿ, ಮತ್ತು ಘಟ್ಟದ ಅಂಚಿನ ಕೊನೆಯ ಫೋನ್ ಅಪ್‌ಡೇಟ್ ಆಗುವವರೆಗೆ ಹಳೆಯದನ್ನು ಮುಚ್ಚಬೇಡಿ.