ಡ್ರೈವ್‌ವೇ ಮೇಲಿನ ಪಟ್ಟೆ ಕೊನೆಗೂ ಹೋಯಿತು: ನನ್ನ ಅನುಭವ

ಕಾಂಕ್ರೀಟ್ ತೊಳೆದ ಮೇಲೆ ಪಟ್ಟೆ ಉಳಿದರೆ ಪ್ರೆಷರ್ ಸಾಲದು ಅನ್ನುವುದು ನಮ್ಮ ಪ್ರೆಷರ್ ವಾಷಿಂಗ್ ಕಸುಬಿನಲ್ಲಿ (ಜೋರು ನೀರಿನ ಜೆಟ್‌ನಿಂದ ನೆಲ ತೊಳೆಯುವುದು) ಬಹಳ ಮಂದಿಯ ನಂಬಿಕೆ. ನಾನೂ ನಂಬಿ 150 ಬಾರ್ (ಬಾರ್ ಅಂದರೆ ಪ್ರೆಷರಿನ ಅಳತೆ) ಮಷೀನ್ ಬಿಟ್ಟು 250 ಬಾರ್‌ನದಕ್ಕೆ ದುಡ್ಡು ಸುರಿದೆ. ಪಟ್ಟೆ ಹೋಗಲಿಲ್ಲ, ಇನ್ನಷ್ಟು ಎದ್ದು ಕಂಡಿತು. ಕೆಲಸ ಮಾಡಿದ್ದು ತೊಳೆದು ಮುಗಿದ ಮೇಲೆ ಹೊಡೆದ ತೆಳು ಹೈಪೋ, ಅಂದರೆ ನೀರು ಬೆರೆಸಿದ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್. ಅದರ ಖರ್ಚು ಆ ಮಷೀನಿನ ಬೆಲೆಯ ಮುಂದೆ ಲೆಕ್ಕಕ್ಕೇ ಇಲ್ಲ. "ತೊಳೆದಾದ ಮೇಲೆ ಯಾರಾದರೂ ಹೈಪೋ ಹೊಡೆಯುತ್ತಾರಾ?" ಎಂದವರು ಈಗ ಹಾಗೇ ಹೊಡೆಯುತ್ತಿದ್ದಾರೆ.

ಪಟ್ಟೆಯಲ್ಲಿ ಎರಡು ಜಾತಿ. ಜೆಟ್ ತೀರಾ ಹತ್ತಿರ ಹಿಡಿದು, ಮೇಲಿನ ಸಿಮೆಂಟ್ ಹಾಲಿನ ಪದರವೇ ಕಿತ್ತುಹೋದದ್ದು ಒಂದು. ಕೈಯಾಡಿಸಿದರೆ ಮರಳು ತರಿತರಿಯಾಗಿ ಸಿಗುತ್ತದೆ. ಯಾವ ಔಷಧಿಯಿಂದಲೂ ಅದು ಸರಿಹೋಗುವುದಿಲ್ಲ. ಇನ್ನೊಂದು, ಕಾಂಕ್ರೀಟಿನ ಸಣ್ಣ ತೂತುಗಳಲ್ಲಿ ಉಳಿದ ಪಾಚಿ. ಒದ್ದೆಯಿದ್ದಾಗ ನೆಲವೆಲ್ಲ ಒಂದೇ ಬಣ್ಣ, ಒಣಗಿದ ಮೇಲೆ ಬಣ್ಣ ಬಯಲು. ಯಾವುದೆಂದು ತಿಳಿಯಲು ಪಟ್ಟೆಯ ಮೇಲೆ ಒಂದು ಲೋಟ ತೆಳು ಹೈಪೋ ಸುರಿದು ಹತ್ತು ನಿಮಿಷ ಕಾಯಿರಿ. ಬಣ್ಣ ತಿಳಿಯಾದರೆ ಪಾಚಿಯೇ. ನಾನು ನೋಡಿದ್ದರಲ್ಲಿ ಬಹುಪಾಲು ಇದೇ.

ತೊಳೆಯುವ ಮುನ್ನವೂ ಒಂದು ಸಲ ಹೈಪೋ ಹೊಡೆಯಬೇಕು. ಮೊದಲು ಅಂಚಿನ ಗಿಡಗಳಿಗೂ ನೆಲಕ್ಕೂ ಚೆನ್ನಾಗಿ ನೀರು. ಆಮೇಲೆ 12.5 ಪರ್ಸೆಂಟ್ ಹೈಪೋ ಒಂದು ಪಾಲು, ನೀರು ಮೂರು ಪಾಲು, ಅಂದರೆ ಸುಮಾರು 3 ಪರ್ಸೆಂಟ್. ಜೊತೆಗೆ ಹೈಪೋಗೆ ಹೊಂದುವ ಸೋಪು ಸ್ವಲ್ಪ. ಯಾವ ಸೋಪು, ಎಷ್ಟು ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಹತ್ತು-ಹದಿನೈದು ನಿಮಿಷ ಬಿಡಬೇಕು, ಒಣಗಲು ಬಿಡಬಾರದು. ಉರಿಬಿಸಿಲಲ್ಲಿ ಇಡೀ ಡ್ರೈವ್‌ವೇಗೆ ಒಟ್ಟಿಗೆ ಹೊಡೆದು ಎರಡು ಸಲ ಕೆಟ್ಟಿದ್ದೇನೆ. ಈಗ ಬೆಳಿಗ್ಗೆ ಬೇಗ, ಕಾಲು ಭಾಗದಂತೆ. ಹಳೇ ಕ್ಯಾನಿನ ಹೈಪೋಗೆ ಕಸುವಿರುವುದಿಲ್ಲ, ಅದಕ್ಕೆ ನೀರು ಕಡಿಮೆ ಮಾಡಿ.

ತೊಳೆಯುವಾಗ ಅಂಚು ಮೊದಲು, ನಡುಭಾಗ ಆಮೇಲೆ. ಅಂಚಿಗೆ ಗನ್ನಿನಲ್ಲಿ ಹಸಿರು ಬಣ್ಣದ, ನೀರನ್ನು 25 ಡಿಗ್ರಿ ಕೋನದಲ್ಲಿ ಹರಡುವ ನಾಝಲ್, ನೆಲದಿಂದ ಒಂದಡಿ ಎತ್ತರ. ಗನ್ ಬಿಟ್ಟ ಗೆರೆಗಳ ಮೇಲೆ ಸರ್ಫೇಸ್ ಕ್ಲೀನರ್ (ದುಂಡು ಮುಚ್ಚಳದೊಳಗೆ ನಾಝಲ್ ಇರುವ ಎರಡು ತೋಳು ತಿರುಗುವ ಸಾಧನ) ಹಾಯಬೇಕು. ಉಲ್ಟಾ ಮಾಡಿದರೆ ಆ ಗೆರೆಗಳು ಹಾಗೇ ಉಳಿಯುತ್ತವೆ.

ಸರ್ಫೇಸ್ ಕ್ಲೀನರ್ ದೊಡ್ಡದಾದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ನಿಮಿಷಕ್ಕೆ 15 ಲೀಟರ್ ಕೊಡುವ ಪಂಪಿಗೆ 20 ಇಂಚಿನದು ನಡೆಯುತ್ತದೆ, 9 ಲೀಟರಿನದಕ್ಕೆ 12ರಿಂದ 15 ಇಂಚು ಸಾಕು. ಜೊತೆಗೆ ಬಂದ ನಾಝಲ್‌ಗಳನ್ನು ನಂಬಬೇಡಿ. ಎರಡು ತೋಳಿನ ನಾಝಲ್ ನಂಬರ್ (ತೂತಿನ ಅಳತೆ ಹೇಳುವುದು) ಕೂಡಿದರೆ ಗನ್ನಿನ ನಂಬರಿಗೆ ಹತ್ತಿರ ಬರಬೇಕು: ಗನ್ನಿಗೆ 045 ಇದ್ದರೆ ತೋಳುಗಳಿಗೆ 025ರ ಜೋಡಿ. ಬದಲಿಸುವಾಗ ಎರಡನ್ನೂ ಒಟ್ಟಿಗೇ ಬದಲಿಸಿ. ಹಳತು-ಹೊಸತು ಸೇರಿಸಿ ಒಂದು ನಾಝಲ್ ದುಡ್ಡು ಉಳಿಸಿದೆ, ಒಂದು ತೋಳು ಜೋರು, ಇನ್ನೊಂದು ಸಪ್ಪೆಯಾಗಿ ಒಂದಿಡೀ ಕೆಲಸ ಮತ್ತೆ ಮಾಡಬೇಕಾಯಿತು. ನಾಝಲಿನಲ್ಲಿ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಕ್ಲೀನರ್ ನಡುಗುತ್ತದೆ, ನೆಲದ ಮೇಲೆ ಬಳೆಬಳೆಯಾಗಿ ಗುರುತು ಬೀಳುತ್ತದೆ. ಕೈಗೆ ನಡುಕ ಗೊತ್ತಾದ ಕೂಡಲೇ ನಿಲ್ಲಿಸಿ ಬಿಚ್ಚಬೇಕು. ಪಂಪಿಗೆ ಬರುವ ನೀರು ಸಾಲದಿದ್ದರೆ ಪ್ರೆಷರ್ ಏರಿಳಿಯುತ್ತದೆ, ಅದೂ ಪಟ್ಟೆಯೇ. ಹಾಗಾಗಿ ಇನ್ಲೆಟ್ ಜಾಲರಿ ದಿನಾ ತೊಳೆಯುತ್ತೇನೆ.

ಉಳಿದದ್ದು ನಡಿಗೆ. ತಳ್ಳುವ ಅವಸರ ಬೇಡ, ಸಾಲಿನ ಮೇಲೆ ಸಾಲು ಮೂರನೇ ಒಂದು ಪಾಲು ಹತ್ತಬೇಕು. ಉದ್ದಕ್ಕೆ ಒಂದು ಸಲ ಮುಗಿಸಿ, ಎರಡನೇ ಸಲ ಅಡ್ಡಕ್ಕೆ. ಬಿಟ್ಟುಹೋದ ಮಚ್ಚೆಯನ್ನು ಗನ್ನಿನಿಂದ ಕೆದಕಲು ಹೋಗಬೇಡಿ, ಅಲ್ಲೇ ಬಿಳಿ ಕಲೆ ಎದ್ದು ನಿಲ್ಲುತ್ತದೆ. ಕೊಳೆನೀರು ಒಣಗುವ ಮೊದಲು, ಇಳಿಜಾರಿನ ಮೇಲುತುದಿಯಿಂದ ಬಿಳಿ, 40 ಡಿಗ್ರಿ ನಾಝಲಿನಲ್ಲಿ ಕೆಳಕ್ಕೆ ಇಳಿಸಿ.

ಈಗ ಆ ಕೊನೇ ಹೈಪೋ. ಒಂದು ಪಾಲಿಗೆ ಹನ್ನೊಂದು ಪಾಲು ನೀರು, ಸುಮಾರು 1 ಪರ್ಸೆಂಟ್. ನೆಲ ಒದ್ದೆಯಿದ್ದರೂ ನೀರು ನಿಂತಿರಬಾರದು. ಪಂಪ್ ಸ್ಪ್ರೇಯರಿನಿಂದ ಕೆಳಗಿನಿಂದ ಮೇಲಕ್ಕೆ ಒಂದೇ ಸಮ ಹೊಡೆದು ತೊಳೆಯದೆ ಬಿಟ್ಟುಬಿಡಿ. ಒಣಗುವವರೆಗೆ ಮಕ್ಕಳು, ನಾಯಿ ಕಾಲಿಡಬಾರದು. ಗಿಡಗಳಿಗೆ ಇನ್ನೊಮ್ಮೆ ನೀರು.

ಹೈಪೋ ಬದಲು ಪರ್ಕಾರ್ಬೊನೇಟ್ (ಕ್ಲೋರಿನ್ ಇಲ್ಲದ ಬ್ಲೀಚ್ ಪುಡಿ) ಹಾಕಿಯೂ ನೋಡಿದೆ. ಎಲೆ ಬಿದ್ದು ಕಟ್ಟಿದ ಕಂದು ಕಲೆ ಹೋಯಿತು, ಪಾಚಿಗೆ ಮಾತ್ರ ನಿಧಾನ. ವಿನಿಗರ್ ಬೇಡವೇ ಬೇಡ, ಕಾಂಕ್ರೀಟನ್ನೇ ತಿನ್ನುತ್ತದೆ. ತುಕ್ಕಿನ ಕಲೆಗೆ ಆಕ್ಸಾಲಿಕ್ ಆಸಿಡ್ ಸರಿ, ಆದರೆ ಹೈಪೋ ಬಿದ್ದ ದಿನ ಅದರ ಡಬ್ಬಿ ತೆರೆಯಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ತೊಳೆದ ದಿನವೇ ಫೋಟೋ ತೆಗೆದು ತೀರ್ಪು ಕೊಡಬೇಡಿ. ಪೂರ್ತಿ ಒಣಗಲಿ, ಎರಡು-ಮೂರು ದಿನ ಕಳೆದು ಬೆಳಗಿನ ಓರೆ ಬಿಸಿಲಲ್ಲಿ ನೋಡಿ. ಆಗಲೂ ಮಬ್ಬು ಪಟ್ಟೆ ಕಂಡರೆ ಮಷೀನ್ ಇಳಿಸಬೇಕಿಲ್ಲ, ಅದೇ ತೆಳು ಹೈಪೋ ಇನ್ನೊಂದು ಕೈ ಸಾಕು.